ಬೋರಯ್ಯನ ಪುಸ್ತಕ ಬಾಯಿಬಿಟ್ಟದ್ದು

ಏಳು ಕೆರೆಗಳ ಆಚೆ, ಎಂಟನೇ ಕೆರೆಯ ಈಚೆ, ಒಂದು ಊರು ಇತ್ತಂತೆ. ಇತ್ತಂತೆ ಅನ್ನುವುದು ನನಗೆ ಅಜ್ಜಿಯಿಂದ ಅಂಟಿದ ಅಭ್ಯಾಸ. ಊರು ಈಗಲೂ ಇದೆ, ನಾನು ಹುಟ್ಟಿದ್ದೂ ಅಲ್ಲೇ. ಆ ಊರಿನಲ್ಲಿ ಪುಸ್ತಕಗಳು ಸುಮ್ಮಸುಮ್ಮನೆ ಓದಿಸಿಕೊಳ್ಳುವುದಿಲ್ಲ. ಓದುತ್ತಾ ಓದುತ್ತಾ ಯಾವುದೋ ಒಂದು ಪುಟದಲ್ಲಿ ಮುಂದಿನ ಹಾಳೆಗಳೆಲ್ಲ ಒಂದಕ್ಕೊಂದು ಹತ್ತಿಕೊಂಡು ಬಿಗಿಯಾಗಿಬಿಡುತ್ತವೆ. ಪುಸ್ತಕ ಬಾಯಿ ಕಚ್ಚಿಕೊಂಡಿತು ಅನ್ನುತ್ತೇವೆ ನಾವು. ಆಗ ಓದುತ್ತಿರುವವರು ಇನ್ನೊಬ್ಬರ ಎದುರು ಕೂತು, ಇಲ್ಲಿಯವರೆಗೆ ಓದಿದ್ದು ತಮಗೆ ನಿಜವಾಗಿ ಏನನ್ನಿಸಿತು ಎಂದು ಹೇಳಬೇಕು. ಎದುರಿಗಿರುವವರು ಹೂಂ ಅನ್ನಬೇಕು. ಹೇಳಿದ್ದು ಮನಸ್ಸಿನ ಮಾತಾಗಿದ್ದರೆ ಹಾಳೆಗಳು ಕಡಲೆಕಾಯಿ ಸುಲಿದ ಹಾಗೆ ಪಟಕ್ಕನೆ ಬಿಡುತ್ತವೆ. ಬಾಯಿಮಾತಾಗಿದ್ದರೆ ಬಿಡುವುದಿಲ್ಲ. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಪುಸ್ತಕ ಕಾಯುತ್ತದೆ. ಅಷ್ಟರೊಳಗೆ ನಿಜ ಹೊರಗೆ ಬರದಿದ್ದರೆ ಹಲಗೆಯಾಗುತ್ತದೆ. ಹಲಗೆ ಅಂದರೆ ಹಲಗೆಯೇ, ಮೊಳೆ ಹೊಡೆಯಬಹುದಾದಂಥದ್ದು.

ಹಾಗಾಗಿ ನಮ್ಮೂರಲ್ಲಿ ಎದುರಿಗೆ ಸಿಕ್ಕವರನ್ನು ಊಟ ಆಯ್ತಾ ಅಂತ ಕೇಳುವುದಿಲ್ಲ, ಏನು ಓದ್ತಾ ಇದ್ದೀರಿ ಅಂತ ಕೇಳುತ್ತೇವೆ. ಶಾಲೆಯಲ್ಲಿ ಮೂರನೇ ಪಾಠಕ್ಕೆ ಬರುವಷ್ಟರಲ್ಲಿ ಪಠ್ಯಪುಸ್ತಕ ಬಾಯಿ ಕಚ್ಚುತ್ತದೆ. ಮಕ್ಕಳೆಲ್ಲ ಸಾಲಾಗಿ ನಿಂತು, ಈ ಪಾಠ ಸಪ್ಪೆಯಾಗಿದೆ ಟೀಚರ್ ಅನ್ನುತ್ತಾರೆ, ಟೀಚರು ಮುಖ ಗಂಟಿಕ್ಕದೆ ಎಲ್ಲರಿಗೂ ಹೂಂ ಅನ್ನುತ್ತಾರೆ. ಹೆಣ್ಣು ನೋಡಲು ಬಂದವರು ಹಾಡು ಹೇಳಿಸುವುದಿಲ್ಲ. ಓದುತ್ತಿರುವ ಪುಸ್ತಕ ತರಿಸಿ, ಅದರ ಬಗ್ಗೆ ಏನನ್ನಿಸಿತು ಹೇಳಮ್ಮ ಅನ್ನುತ್ತಾರೆ. ಮಾತಿಗಿಂತ ಅವರ ಕಣ್ಣು ಹಾಳೆಯ ಮೇಲಿರುತ್ತದೆ. ಇನ್ನುಳಿದ ಎಲ್ಲರಿಗೂ ಶಿವನಂಜಪ್ಪನ ಹಿಟ್ಟಿನ ಮಿಲ್ಲು ಇದೆ. ರಾಗಿ ಡಬ್ಬವನ್ನು ಸಾಲಿನಲ್ಲಿಟ್ಟು, ಕಂಕುಳಲ್ಲಿ ಪುಸ್ತಕ ಇಟ್ಟುಕೊಂಡು ಬೆಂಚಿನ ಮೇಲೆ ಕೂತರೆ ಪಕ್ಕದವರು ತಾವಾಗಿಯೇ ಕಿವಿ ಕೊಡುತ್ತಾರೆ. ಮಿಲ್ಲಿನ ಸದ್ದಿಗೆ ಎಲ್ಲರೂ ಕೂಗಿಯೇ ಹೇಳಬೇಕಾದ್ದರಿಂದ ಯಾರ ಅಭಿಪ್ರಾಯವೂ ಗುಟ್ಟಾಗಿ ಉಳಿಯುವುದಿಲ್ಲ. ಕೊಲೆಯ ಕಾದಂಬರಿ ಓದುವವರು ಕೊಲೆಗಾರ ಇವನೇ ಇರಬೇಕು ಅಂದುಬಿಟ್ಟು, ಸಾಲಿನಲ್ಲಿದ್ದವರಿಂದ ಬೈಸಿಕೊಳ್ಳುವುದು ವಾರಕ್ಕೊಮ್ಮೆ ಇದ್ದದ್ದೇ.

ನಮ್ಮಜ್ಜ ಬೋರಯ್ಯ ಈ ಊರಿನ ನೀರುಗಂಟಿ. ಕೆರೆಯ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಯಾವ ಹೊತ್ತಿನಲ್ಲಿ ಎಷ್ಟು ನೀರು ಎಂದು ಮೂವತ್ತಾರು ವರ್ಷ ನೋಡಿಕೊಂಡವನು. ಕೆಲಸ ಬಿಟ್ಟ ಮೇಲೆ ಒಂದು ಪುಸ್ತಕ ಬರೆದ. 'ಹನ್ನೊಂದನೇ ತೂಬು' ಅಂತ ಹೆಸರು. ಹೊಳೆಯಾಚೆ ಊರಿನ ಪ್ರೆಸ್ಸಿನಲ್ಲಿ ನೂರು ಪ್ರತಿ ಅಚ್ಚು ಹಾಕಿಸಿ ಮನೆಮನೆಗೆ ತಾನೇ ಹೋಗಿ ಕೊಟ್ಟು ಬಂದ. ಆ ಪ್ರೆಸ್ಸು ಮುಚ್ಚಿ ಎಷ್ಟೋ ವರ್ಷವಾಯಿತು. ನನಗೆ ನಾಲ್ಕು ವರ್ಷವಾಗಿದ್ದಾಗ ಅಜ್ಜ ತೀರಿಕೊಂಡ. ಅಜ್ಜಿಯ ಪಾಲಿನ ಒಂದು ಪ್ರತಿ ಅಜ್ಜನದೇ ಹಳೆಯ ಟವೆಲಿನಲ್ಲಿ ಸುತ್ತಿಕೊಂಡು ಟ್ರಂಕಿನ ತಳದಲ್ಲಿ ಉಳಿಯಿತು, ಬಿಡಿಸಿರಲೇ ಇಲ್ಲ. ಅಜ್ಜಿಗೆ ಅಕ್ಷರ ಬರುವುದಿಲ್ಲ, ಅಜ್ಜನೂ ಓದಿ ಹೇಳಿರಲಿಲ್ಲ. ಕಥೆ ಮಾತ್ರ ಹೊಟ್ಟೆ ತುಂಬ ಇತ್ತು. ನನ್ನನ್ನು ಸಾಕಿದ್ದೇ ಆ ಕಥೆಗಳು. ಈಗಲೂ ನಾನು ದಾರಿಯಲ್ಲಿ ನಡೆಯುವಾಗ ಮೋಡದಲ್ಲಿ ಕೋಟೆ ಕಂಡು ಚರಂಡಿಗೆ ಕಾಲಿಡುತ್ತೇನೆ ಎಂದು ಜನ ನಗುತ್ತಾರೆ, ಅದು ಸುಳ್ಳೇನಲ್ಲ.

ಕಾಗುಣಿತ ಕಲಿತ ವರ್ಷ ನಾನು ಅಜ್ಜಿಗೆ ಮಾತು ಕೊಟ್ಟಿದ್ದೆ, ಅಜ್ಜನ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿ ಹೇಳುತ್ತೇನೆ ಅಂತ. ಕೊಟ್ಟ ಮಾತು ಹಾಗೇ ಉಳಿಯಿತು. ಇವತ್ತು ನಾಳೆ ಅನ್ನುತ್ತಾ ನನಗೆ ಇಪ್ಪತ್ತಮೂರಾಯಿತು, ಅಜ್ಜಿಗೆ ಎಂಬತ್ತಮೂರು. ಅಜ್ಜಿಯ ಬಲಗಿವಿ ಎಂದೋ ಹೋಗಿತ್ತು. ಈ ಬೇಸಿಗೆಯಲ್ಲಿ ಎಡಗಿವಿಯೂ ಮಂದವಾಗತೊಡಗಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮಳೆಗಾಲ ಹಿಡಿಯುವಷ್ಟರಲ್ಲಿ ಇದೂ ಹೋಗುತ್ತದೆ, ಮೆಷಿನ್ನು ಹಾಕಿದರೂ ಉಪಯೋಗವಿಲ್ಲ ಅಂದರು. ಬಸ್ಸಿನಲ್ಲಿ ಬರುವಾಗ ಅಜ್ಜಿ ನನ್ನ ಕಡೆ ತಿರುಗಿ, "ನಿಮ್ಮಜ್ಜ ಅದರಲ್ಲಿ ಏನು ಬರೆದವ್ನೆ ಅಂತ ಕೇಳಿಸಿಕೊಳ್ಳದೇ ಹೋಗಿಬಿಡ್ತೀನೇನೋ ಮಗಾ," ಅಂದಳು. ದೂರಿದ ಹಾಗೆ ಅನ್ನಲಿಲ್ಲ. ಅದಕ್ಕೇ ನನಗೆ ಇನ್ನೂ ಹೆಚ್ಚು ನೋವಾಯಿತು.

ಮಾರನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಜಗಲಿಯಲ್ಲಿ ಚಾಪೆ ಹಾಸಿ, ಅಜ್ಜಿಯ ಎಡಗಿವಿಯ ಹತ್ತಿರ ಕೂತು ಶುರುಮಾಡಿದೆ. ಕೂಗಿ ಓದಬೇಕಿತ್ತು. ಎದುರು ಮನೆಯವರು ಮೊದಲು ಜಗಳ ಅಂದುಕೊಂಡು ಬಾಗಿಲಿಗೆ ಬಂದರಂತೆ. ಮೊದಲ ಪುಟದಿಂದಲೇ ನೀರಿನ ಮಟ್ಟ. ಇಂಥ ವರ್ಷ ಇಂಥ ತಿಂಗಳು ಕೆರೆಯಲ್ಲಿ ಇಷ್ಟು ಅಡಿ ನೀರು, ಮೂರನೇ ತೂಬಿನ ಕಲ್ಲಿನಲ್ಲಿ ಬಿರುಕು, ಅದಕ್ಕೆ ಗಾರೆ ಮೆತ್ತಿದ ಬಗೆ, ಆ ಗಾರೆ ಬಿದ್ದುಹೋದ ಬಗೆ. ಹದಿನೆಂಟು ಪುಟ ಹೀಗೇ ನಡೆದು, ಹತ್ತೊಂಬತ್ತನೆಯದು ಬಾಯಿ ಕಚ್ಚಿಕೊಂಡಿತು. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದಳು. ತುಂಬಾ ಚೆನ್ನಾಗಿದೆ ಅಜ್ಜಿ ಅಂದೆ. ಹೂಂ ಅಂದಳು. ಹಾಳೆ ಅಲುಗಲಿಲ್ಲ. ವಿವರ ಸ್ವಲ್ಪ ಜಾಸ್ತಿಯಾಯಿತೇನೋ, ಆದರೂ ಅನುಭವದ ಮಾತು ಅಂದೆ. ಅದಕ್ಕೂ ಹೂಂ ಅಂದಳು. ಊಹೂಂ, ಹಾಳೆ ಬಿಡಲಿಲ್ಲ. ಇವತ್ತಿಗೆ ಸಾಕು ಎಂದು ಪುಸ್ತಕ ಸುತ್ತಿಟ್ಟೆ. ನಾನು ಸುಳ್ಳು ಹೇಳಿದ್ದು ಅಜ್ಜಿಗೆ ತಿಳಿದಿರಬೇಕು, ನಮ್ಮೂರಲ್ಲಿ ಬಿಡದ ಹಾಳೆಗಿಂತ ದೊಡ್ಡ ಸಾಕ್ಷಿ ಇಲ್ಲ.

ನಾಲ್ಕು ದಿನ ಬಿಟ್ಟು, ಬೇಕಿಲ್ಲದಿದ್ದರೂ ಎರಡು ಸೇರು ರಾಗಿ ತೆಗೆದುಕೊಂಡು ಮಿಲ್ಲಿಗೆ ಹೋದೆ. ಅಜ್ಜಿಯ ಮುಂದೆ ಹೇಳಲಾಗದ್ದನ್ನು ಶಿವನಂಜಪ್ಪನ ಮುಂದೆ ಹೇಳಿ ಹಾಳೆ ಬಿಡಿಸಿಕೊಂಡು ಬರುವ ಉಪಾಯ. ಬೆಂಚಿನ ಮೇಲೆ ಚಂಪಕಾ ಟೀಚರ್ ಇದ್ದರು. ಅಜ್ಜನ ಪುಸ್ತಕ ಬಿಡುಗಡೆಯಾದಾಗ ವೇದಿಕೆಯ ಮೇಲೆ ಒಂದು ಗಂಟೆ ಹೊಗಳಿದವರು ಅವರೇ. ಅವರು ಕೇಳಿಸಿಕೊಳ್ಳದಿರಲಿ ಎಂದು ನಾನು ಶಿವನಂಜಪ್ಪನ ಕಿವಿಗೆ ಬಾಯಿಟ್ಟು ಹೇಳಿದೆ. ಅವನು ಕೇಳಿಸಲಿಲ್ಲ ಅಂತ ಕೈಯಾಡಿಸಿದ. ಇನ್ನೊಮ್ಮೆ ಹೇಳಿದೆ. ಮೂರನೇ ಸಲ ನನಗೇ ರೇಗಿ, "ಬೇಜಾರು ಅಂದೆ. ಹದಿನೆಂಟು ಪುಟ ಬರೀ ನೀರಿನ ಮಟ್ಟ, ತೂಕಡಿಕೆ ಬರುತ್ತೆ," ಎಂದು ಕೂಗಿದೆ. ಅದೇ ಹೊತ್ತಿಗೆ ಕರೆಂಟು ಹೋಗಿ ಮಿಲ್ಲು ನಿಂತಿತ್ತು. ನನ್ನ ಮಾತು ಆಚೆ ರಸ್ತೆಯವರೆಗೂ ಹೋಯಿತು. ಶಿವನಂಜಪ್ಪ ಹೂಂ ಅಂದದ್ದೂ, ಹಾಳೆ ಪಟಕ್ಕನೆ ಬಿಟ್ಟ ಸದ್ದೂ ಎಲ್ಲರಿಗೂ ಕೇಳಿಸಿತು.

ಯಾರೂ ನನ್ನನ್ನು ಬೈಯಲಿಲ್ಲ. ಚಂಪಕಾ ಟೀಚರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ಶಿವನಂಜಪ್ಪ ನನ್ನನ್ನು ಕರೆದುಕೊಂಡು ಹೋಗಿ ಮಿಲ್ಲಿನ ಹಿಂದಿನ ಕಾಲಿನ ಕೆಳಗೆ ಬೆರಳು ತೋರಿಸಿದ. ಹಿಟ್ಟು ಮೆತ್ತಿದ್ದರೂ ಹೊದಿಕೆಯ ಮೇಲಿನ ಹೆಸರು ಓದಬಹುದಾಗಿತ್ತು. ಹನ್ನೊಂದನೇ ತೂಬು. ಗಟ್ಟಿ ಹಲಗೆ. ಟೀಚರ ಮನೆಯ ಪ್ರತಿ ಒಲೆಯ ಪಕ್ಕದ ಮಣೆಯಾಗಿತ್ತಂತೆ. ಅಂಚೆಮನೆಯಲ್ಲಿ ಬಾಗಿಲಿಗೆ ಒತ್ತಾಗಿತ್ತು, ಇನ್ನೆಲ್ಲೋ ಬಟ್ಟೆ ಒಗೆಯಲು. ನಿಧಾನವಾಗಿ ಒಬ್ಬೊಬ್ಬರೇ ಹೇಳಿಕೊಂಡರು. ನೂರರಲ್ಲಿ ತೊಂಬತ್ತೊಂಬತ್ತೂ ಹಲಗೆ. ಹತ್ತೊಂಬತ್ತನೆಯ ಪುಟವನ್ನು ಈ ಊರಲ್ಲಿ ಒಬ್ಬರೂ ನೋಡಿರಲಿಲ್ಲ. ಎಲ್ಲರೂ ನಲವತ್ತೆಂಟು ದಿನ ಅದ್ಭುತ, ಅಪರೂಪ, ಮನಮುಟ್ಟುವಂತಿದೆ ಅನ್ನುತ್ತಾ ಕಾಲ ಹಾಕಿದ್ದರು. "ಆವಯ್ಯ ನಮ್ಮ ಗದ್ದೆಗೆ ನೀರು ಬಿಟ್ಟೋನು," ಅಂದ ಶಿವನಂಜಪ್ಪ. "ಅವನ ಪುಸ್ತಕ ಬೇಜಾರು ಅಂತ ಯಾವ ಬಾಯಲ್ಲಿ ಹೇಳೋಣ, ನೀನೇ ಹೇಳು." ಅಜ್ಜನಿಗೆ ಗೊತ್ತಿತ್ತಾ ಎಂದು ಕೇಳಿದೆ. ಒಂದು ದಿನ ಹಿಟ್ಟಿಗೆ ಬಂದವನು ಮಿಲ್ಲಿನ ಕಾಲ ಕೆಳಗೆ ಬಗ್ಗಿ ನೋಡಿದನಂತೆ. ಕಾಲಿನಿಂದ ಮೆಲ್ಲಗೆ ತಟ್ಟಿ, ಅಲುಗಾಡುತ್ತಿಲ್ಲ, ಚೆನ್ನಾಗಿ ಕೂತಿದೆ ಅಂದನಂತೆ. ಆಮೇಲೆ ಹಿಟ್ಟು ತೆಗೆದುಕೊಂಡು ಹೋದನಂತೆ.

ಮನೆಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮೊದಲು ಬಂದಿತ್ತು. ಅಜ್ಜಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ, ಬೇಜಾರು ಅಂದೆಯಂತಲ್ಲ ಎಂದು ಕೇಳಿದಳು. ತಲೆ ತಗ್ಗಿಸಿ ಹೂಂ ಅಂದೆ. "ನಂಗೂ ನಿದ್ದೆ ಬಂದಿತ್ತು ಬಿಡು," ಅಂದಳು. ಅಂದು ಮಧ್ಯಾಹ್ನ ಮತ್ತೆ ಚಾಪೆ ಹಾಸಿದೆವು.

ಹತ್ತೊಂಬತ್ತನೆಯ ಪುಟದಿಂದ ಪುಸ್ತಕ ಬೇರೆಯೇ ಆಗಿಹೋಯಿತು. ನೀರಿನ ಲೆಕ್ಕ ಮುಗಿದು ಕೆರೆ ಏರಿಯ ಮೇಲೆ ಒಬ್ಬಳು ಹೆಂಗಸು ಬಂದು ಕೂತಳು. ನೀರುಗಂಟಿಗೆ ಬುತ್ತಿ ತರುವವಳು. ಅವನು ಉಂಡು ಕೈ ತೊಳೆಯುವವರೆಗೆ ಅವಳು ಕಾಯುತ್ತಾಳೆ, ಅವನು ಉಣ್ಣುತ್ತಾ ಅವಳಿಗೆ ಕಥೆ ಹೇಳುತ್ತಾನೆ. ನನಗೆ ಓದುವುದೇ ಹಬ್ಬವಾಯಿತು. ಏಕೆಂದರೆ ಆ ಕಥೆಗಳೆಲ್ಲ ನನಗೆ ಗೊತ್ತಿದ್ದವು, ಅಜ್ಜಿಯ ಮಡಿಲಲ್ಲಿ ಕೇಳಿದವೇ. ಕುಂಬಾರರ ಹುಡುಗಿಯ ಕಥೆ ಬಂದಾಗ ನಾನು ಪುಸ್ತಕ ನೋಡದೆಯೇ ಅರ್ಧ ಹೇಳಿಬಿಟ್ಟೆ. ಒಣಗಿದ ಕೆರೆ ಆ ಹುಡುಗಿಯನ್ನು ಕೇಳುತ್ತದೆ, ನಿನ್ನ ನೆರಳು ಕೊಟ್ಟರೆ ನೀರು ಕೊಡುತ್ತೇನೆ ಅಂತ. ಅವಳು ಕೊಡುತ್ತಾಳೆ. ಕೆರೆ ತುಂಬುತ್ತದೆ, ಊರು ಉಣ್ಣುತ್ತದೆ. ಅವಳಿಗೆ ನೆರಳಿಲ್ಲ. ಅಜ್ಜಿ ಹೇಳುವಾಗ ಕಥೆ ಅಲ್ಲಿಗೇ ಮುಗಿಯುತ್ತಿತ್ತು, ಹುಡುಗಿ ಬಿಸಿಲಲ್ಲಿ ಮರದಿಂದ ಮರಕ್ಕೆ ಓಡುತ್ತಿರುತ್ತಾಳೆ, ಈಗಲೂ. ಅಜ್ಜನ ಪುಸ್ತಕದಲ್ಲಿ ಮುಗಿದಿರಲಿಲ್ಲ. ಅರವತ್ತೆರಡನೆಯ ಪುಟದಲ್ಲಿ ಊರಿನವರು ಸರದಿ ಹಾಕಿಕೊಳ್ಳುತ್ತಾರೆ. ನೀರಿನ ಸರದಿಯ ಹಾಗೆಯೇ. ಬೆಳಗಿನ ಜಾವ ಒಬ್ಬರು, ಹೊತ್ತು ಏರಿದ ಮೇಲೆ ಒಬ್ಬರು, ಇಳಿಹೊತ್ತಿನಲ್ಲಿ ಒಬ್ಬರು, ಅವಳ ಪಕ್ಕದಲ್ಲಿ ನಡೆಯುತ್ತಾರೆ, ತಮ್ಮ ನೆರಳು ಅವಳ ಮೇಲೆ ಬೀಳುವ ಹಾಗೆ. ಅದನ್ನು ಓದಿ ನಾನು ಹಾಳೆ ತಿರುಗಿಸಲು ಹೋದೆ. ಪುಸ್ತಕ ಬಾಯಿ ಕಚ್ಚಿಕೊಂಡಿತ್ತು.

ಇದೇನು ದೊಡ್ಡ ವಿಷಯ, ನನಗೆ ಇಷ್ಟವಾಗಿದೆ, ಹೇಳಿದರಾಯಿತು ಅಂದುಕೊಂಡೆ. ಹೇಳಿದೆ. ಬಿಡಲಿಲ್ಲ. ಇಷ್ಟವಾಗಿದ್ದು ಯಾಕೆ ಎಂದು ಹೇಳಿದೆ. ಆಗಲೂ ಬಿಡಲಿಲ್ಲ. ಹಾಗಾದರೆ ನನಗೆ ಒಳಗೊಳಗೇ ಇಷ್ಟವಾಗಿಲ್ಲವೇನೋ ಎಂದು ಅನುಮಾನ ಬಂತು. ನಮ್ಮೂರಲ್ಲಿ ಇದೊಂದು ಕಾಯಿಲೆ, ಹಾಳೆ ಬಿಡದಿದ್ದರೆ ಮನುಷ್ಯ ತನ್ನನ್ನೇ ಕಳ್ಳ ಅಂದುಕೊಳ್ಳುತ್ತಾನೆ. ವಾಕ್ಯ ಉದ್ದವಾಯಿತು ಅಂದೆ. ಅಜ್ಜ ಬುತ್ತಿಯ ವಿವರ ಸಾಕಷ್ಟು ಕೊಟ್ಟಿಲ್ಲ ಅಂದೆ. ಕುಂಬಾರರ ಹುಡುಗಿಗೆ ಹೆಸರಿಟ್ಟಿಲ್ಲ, ಅದು ತಪ್ಪು ಅಂದೆ. ದಿನಾ ಹೋಗಿ ಮಿಲ್ಲಿನಲ್ಲಿ ಹೊಸ ಹೊಸ ಅಭಿಪ್ರಾಯ ಕೂಗಿದೆ. ಮನೆಯಲ್ಲಿ ರಾಗಿ ಹಿಟ್ಟು ಡಬ್ಬ ಮೀರಿ ಪಾತ್ರೆಗಳಿಗೆ ಬಂತು. ಒಂದು ದಿನ ಹತಾಶೆಯಿಂದ ಅಜ್ಜಿಯ ಎದುರೇ, ಈ ಪುಸ್ತಕ ಬರೆಯದಿದ್ದರೇ ಚೆನ್ನಾಗಿತ್ತು ಅಂದುಬಿಟ್ಟೆ. ಅಜ್ಜಿ ಹೂಂ ಅನ್ನದೆ ಎದ್ದು ಒಳಗೆ ಹೋದಳು. ಆ ಮಾತು ನಿಜವಾಗಿರಲಿಲ್ಲ, ಪುಸ್ತಕಕ್ಕೂ ಗೊತ್ತಾಯಿತು. ಅಜ್ಜಿಗೆ ಗೊತ್ತಾಯಿತೋ ಇಲ್ಲವೋ.

ದಿನಗಳು ಹೋದವು. ಅಜ್ಜಿಯ ಕಿವಿಯೂ ಹೋಗುತ್ತಿತ್ತು. ಮೊದಲು ಒಂದು ಮೊಳ ದೂರದಿಂದ ಕೂಗಿದರೆ ಸಾಕಿತ್ತು, ಈಗ ಕಿವಿಗೆ ಅಂಗೈ ಮರೆ ಕಟ್ಟಿ ಕೂಗಬೇಕು. ಪುಸ್ತಕದ ಅಂಚು ಗಟ್ಟಿಯಾಗತೊಡಗಿತ್ತು. ಉಗುರಿನಿಂದ ತಟ್ಟಿದರೆ ಟಕಟಕ ಅನ್ನುವುದು. ನಲವತ್ತಾರನೆಯ ದಿನ ಮಿಲ್ಲಿನ ಬೆಂಚಿನ ಮೇಲೆ ಅಳು ತಡೆದುಕೊಂಡು ಕೂತಿದ್ದೆ. ಚಂಪಕಾ ಟೀಚರ್ ಸಮಾಧಾನಕ್ಕೆ ಅಂತ ಏನೋ ಮಾತು ತೆಗೆದು, "ಇರಲಿ, ಪುಸ್ತಕದ ಬಗ್ಗೆ ಅಜ್ಜಿ ಏನಂತಾರೆ?" ಅಂದರು.

ನಾನು ಅಜ್ಜಿಯನ್ನು ಅದನ್ನು ಕೇಳಿಯೇ ಇರಲಿಲ್ಲ. ಶಿವನಂಜಪ್ಪ ಕೂಡ ಹಿಟ್ಟು ತುಂಬುವುದನ್ನು ನಿಲ್ಲಿಸಿದ. ನಮ್ಮೂರಲ್ಲಿ ಓದುವವರು ಹೇಳಬೇಕು, ಕೇಳುವವರು ಹೂಂ ಅನ್ನಬೇಕು. ತಲೆತಲಾಂತರದಿಂದ ಹಾಗೇ. ಹೂಂ ಅನ್ನುವವರನ್ನು ನಿಮಗೇನನ್ನಿಸಿತು ಎಂದು ಕೇಳಿದ್ದನ್ನು ನಾವು ಯಾರೂ ಕಂಡಿರಲಿಲ್ಲ. ಕಿವಿಯಿಂದ ಓದುವವರೂ ಓದುಗರೇ ಅಲ್ಲವಾ ಎಂದು ಟೀಚರ್ ತಮಗೆ ತಾವೇ ಹೇಳಿಕೊಂಡರು. ಮೊದಲ ಹದಿನೆಂಟು ಪುಟಕ್ಕೆ ನನಗೂ ಅಜ್ಜಿಗೂ ಅನ್ನಿಸಿದ್ದು ಒಂದೇ, ಈ ಸಲ ಅವಳದು ಬೇರೆ ಇರಬೇಕು. ನಾನು ಡಬ್ಬ ಅಲ್ಲೇ ಬಿಟ್ಟು ಓಡಿದೆ.

ಅಜ್ಜಿ ಸಲೀಸಾಗಿ ಬಾಯಿಬಿಡುವವಳಲ್ಲ. ಚೆನ್ನಾಗಿದೆ ಅಂದಳು. ನಿಮ್ಮಜ್ಜ ಬರೆದಿದ್ದು ಚೆನ್ನಾಗಿರದೆ ಇರುತ್ತಾ ಅಂದಳು. ಇಬ್ಬರೂ ಹಾಳೆಯ ಕಡೆ ನೋಡಿದೆವು. ಸತ್ತವರ ಬಗ್ಗೆ ಏನು ಹೇಳುವುದು, ನನಗೆ ಅಕ್ಷರ ಬರುತ್ತಾ, ನಾನು ಯಾರು ಹೇಳೋಕೆ ಎಂದು ಆ ದಿನವನ್ನೂ ಮರುದಿನವನ್ನೂ ತಳ್ಳಿದಳು. ನಲವತ್ತೆಂಟನೆಯ ದಿನ ಬೆಳಿಗ್ಗೆ ನಾನು ಪುಸ್ತಕವನ್ನು ತಂದು ಅವಳ ಮಡಿಲಲ್ಲಿಟ್ಟೆ. ಕೈಯಿಂದ ಸವರಿ ನೋಡಿದಳು. ಮೂರು ಬದಿ ಮರವಾಗಿತ್ತು, ಬೆನ್ನಿನ ಹತ್ತಿರ ಮಾತ್ರ ಇನ್ನೂ ಕಾಗದ. ಸಂಜೆಯೊಳಗೆ ಎಲ್ಲ ಮುಗಿಯುತ್ತೆ ಅಜ್ಜಿ ಎಂದು ಕಿವಿಯಲ್ಲಿ ಕೂಗಿದೆ.

"ಆ ಕಥೆಗಳು ನನ್ನವು ಕಣೆ," ಅಂದಳು ಕೊನೆಗೆ. "ಏರಿ ಮೇಲೆ ಕೂತು ನಾನು ಹೇಳಿದ್ದು. ಅವನು ಮುದ್ದೆ ಮುರೀತಾ ಹೂಂ ಅಂತಿದ್ದ, ಅಷ್ಟೇಯ. ಪುಸ್ತಕದಲ್ಲಿ ನೋಡಿದ್ರೆ ಅವನು ಹೇಳ್ತಾನೆ, ನಾನು ಬಾಯಿ ಮುಚ್ಕೊಂಡು ಕೂತಿದೀನಿ. ಅದನ್ನ ಕೇಳ್ದಾಗ ಮೈಯೆಲ್ಲ ಉರಿದೋಯ್ತು."

ನಾನು ಹೂಂ ಅಂದೆ. ಇಷ್ಟು ದಿನ ಅಡಗಿದ್ದ ಮಾತು ಇದೇ, ಈಗ ಬಿಟ್ಟೇ ಬಿಡುತ್ತದೆ ಎಂದು ಹಾಳೆಗೆ ಕೈ ಹಾಕಿದೆ. ಬಿಡಲಿಲ್ಲ. ನಾನು ಅಜ್ಜಿಯ ಮುಖ ನೋಡಿದೆ. ಅವಳಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ಇನ್ನೇನಿದೆ ಅಜ್ಜಿ?"

"ಏನಿಲ್ಲ."

"ಅಜ್ಜಿ."

ಸೆರಗು ತೆಗೆದಳು. "ನನಗಿಂತ ಚೆನ್ನಾಗಿ ಹೇಳವ್ನೆ," ಅಂದಳು. ಹೇಳಿ ಕಣ್ಣು ಮುಚ್ಚಿಕೊಂಡಳು. "ಅರವತ್ತು ವರ್ಷ ಆ ಹೆಣ್ಣು ಮಗೀನ ಬಿಸಿಲಲ್ಲೇ ಬಿಟ್ಟಿದ್ದೆ ನಾನು. ನಿಮ್ಮಪ್ಪಂಗೂ ಹಂಗೇ ಹೇಳ್ದೆ, ನಿಂಗೂ ಹಂಗೇ ಹೇಳ್ದೆ. ನೀವೆಲ್ಲ ಅತ್ರಿ. ಅತ್ರೆ ಕಥೆ ಗೆದ್ದಂಗೆ ಅಂದ್ಕೊಂಡಿದ್ದೆ. ಆವಯ್ಯ ನೋಡು, ನೀರು ಬಿಡೋನು, ಅವಳಿಗೂ ಒಂದು ಸರದಿ ಮಾಡಿ ನೆರಳಿಗೆ ಕರ್ಕೊಂಡ. ನಂಗ್ಯಾಕೆ ಹೊಳೀಲಿಲ್ಲ ಅದು. ಹೊಟ್ಟೆಕಿಚ್ಚಾಯ್ತು ಕಣವ್ವಾ. ಗಂಡನ ಮೇಲೆ, ಅದೂ ಸತ್ತ ಗಂಡನ ಮೇಲೆ. ಅದನ್ನ ಹೆಂಗೆ ಹೇಳಲಿ."

ನಾನು ಹೂಂ ಅನ್ನುವ ಮೊದಲೇ ಪುಸ್ತಕ ಬಿಟ್ಟಿತು. ಒಂದು ಹಾಳೆಯಲ್ಲ, ಅರವತ್ತಮೂರರಿಂದ ಕಡೆಯವರೆಗೆ ಎಲ್ಲವೂ ಒಂದರ ಹಿಂದೆ ಒಂದು ಬಿಟ್ಟವು. ಮರವಾಗಿದ್ದ ಅಂಚುಗಳು ಹೊಟ್ಟಿನ ಹಾಗೆ ಉದುರಿ ಅಜ್ಜಿಯ ಸೀರೆಯ ಮೇಲೆ ಬಿದ್ದವು. ಅಜ್ಜಿಗೆ ಆ ಸದ್ದು ಕೇಳಿಸಿರಲಾರದು, ಆದರೆ ಮಡಿಲಲ್ಲಿ ಪುಸ್ತಕ ಹಗುರಾದದ್ದು ಗೊತ್ತಾಯಿತು. ಅವಳ ಭುಜ ಕೆಳಗಿಳಿಯಿತು. ಎಷ್ಟೋ ವರ್ಷದಿಂದ ಆ ಭುಜಗಳು ಮೇಲೆಯೇ ಇದ್ದವು ಎಂದು ನನಗೆ ಆಗಷ್ಟೇ ತಿಳಿದದ್ದು. ಒಂದು ಲೋಟ ನೀರು ಕೇಳಿ ಕುಡಿದಳು. "ಓದು," ಅಂದಳು, "ಕಿವಿ ಇರೋವಾಗಲೇ ಓದಿಬಿಡು."

ನಾನು ಓದಿದೆ. ಅಂಗೈ ಮರೆ ಕಟ್ಟಿ, ಗಂಟಲು ಹರಿಯುವ ಹಾಗೆ ಓದಿದೆ. ಸ್ವಲ್ಪ ಹೊತ್ತಿಗೆ ಏನೋ ವ್ಯತ್ಯಾಸವಾದ ಹಾಗನಿಸಿ ತಲೆ ಎತ್ತಿದರೆ, ಮಿಲ್ಲು ನಿಂತಿತ್ತು. ಕರೆಂಟು ಹೋಗಿರಲಿಲ್ಲ. ಶಿವನಂಜಪ್ಪ ತಾನಾಗಿ ನಿಲ್ಲಿಸಿ, ತಲೆ ತುಂಬ ಹಿಟ್ಟಿನೊಡನೆ ನಮ್ಮ ಜಗಲಿಯ ಕೆಳಗೆ ಬಂದು ನಿಂತಿದ್ದ. ಅವನ ಹಿಂದೆ ಚಂಪಕಾ ಟೀಚರ್, ಅವರ ಹಿಂದೆ ಎದುರುಮನೆಯವರು, ಅಂಚೆಮನೆಯವರು. ಇಪ್ಪತ್ತು ವರ್ಷ ಹಲಗೆಯ ಮೇಲೆ ಒಲೆಯ ಪಾತ್ರೆ ಇಳಿಸಿದವರು, ಬಟ್ಟೆ ಒಗೆದವರು, ಮುಂದೇನಾಯಿತು ಎಂದು ಕೇಳಲು ಬಂದಿದ್ದರು. ಟೀಚರ್ ನನ್ನನ್ನು ನೋಡಿ, ನಿಲ್ಲಿಸಬೇಡ ಎಂದು ಕೈಸನ್ನೆ ಮಾಡಿದರು.

ಪುಸ್ತಕದಲ್ಲಿ ಒಂದು ಮಳೆಗಾಲ ಬಂತು. ಕೆರೆ ಏರಿ ಒಂದು ಕಡೆ ಜರಿಯಿತು. ನೀರುಗಂಟಿ ಒಬ್ಬನೇ ಮಣ್ಣು ತುಂಬುತ್ತಾನೆ, ಆಗುವುದಿಲ್ಲ, ಬುತ್ತಿ ತಂದ ಹೆಂಗಸು ಊರೊಳಗೆ ಓಡಿ ಎಲ್ಲರನ್ನೂ ಕರೆಯುತ್ತಾಳೆ. ಊರು ಬರುತ್ತದೆ. ಗೋಣಿಚೀಲ ಹಿಡಿದವರು, ಗುದ್ದಲಿ ಹಿಡಿದವರು, ಬರೀ ಮಾತಾಡುತ್ತಾ ನಿಂತವರು, ಎಲ್ಲರೂ ಇದ್ದಾರೆ. ಕೇಳುತ್ತಿದ್ದವರಲ್ಲಿ ಒಬ್ಬಿಬ್ಬರು ಇದು ನಮ್ಮಪ್ಪ ಎಂದು ಪಿಸುಗುಟ್ಟಿಕೊಂಡರು. ಪುಟ ಎಂಬತ್ತನ್ನು ದಾಟಿತು, ಎಂಬತ್ತೈದನ್ನು ದಾಟಿತು. ನಾನು ಪ್ರತಿ ಹಾಳೆ ತಿರುಗಿಸುವಾಗಲೂ ಎಲ್ಲಿ ಕಚ್ಚಿಕೊಳ್ಳುತ್ತದೋ ಎಂದು ಉಸಿರು ಹಿಡಿಯುತ್ತಿದ್ದೆ. ಕಚ್ಚಿಕೊಳ್ಳಲಿಲ್ಲ. ಅಜ್ಜಿ ಕಿವಿಯನ್ನು ನನ್ನ ಬಾಯಿಗೆ ತಾಗಿಸಿಕೊಂಡು, ಕಣ್ಣು ಮುಚ್ಚಿ, ನನ್ನ ಉಸಿರಿನಿಂದಲೇ ಅರ್ಧ ಕೇಳಿಸಿಕೊಳ್ಳುತ್ತಿದ್ದಳು.

ಕೊನೆಯ ಪುಟದಲ್ಲಿ ಬರೀ ಮೂರು ಸಾಲು ಇದ್ದವು. ಬೆಳಗಾಗುವಷ್ಟರಲ್ಲಿ ಏರಿ ನಿಂತಿತು. ಎಲ್ಲರೂ ಮೈಯೆಲ್ಲ ಕೆಸರಾಗಿ ಕೂತು ಒಂದೇ ಬಟ್ಟಲಿನಿಂದ ಮಜ್ಜಿಗೆ ಕುಡಿದರು. ಆಮೇಲೆ ಎದ್ದು ಅವರವರ ಮನೆಗೆ ಹೋದರು, ನಾನೂ ಹೋದೆ ಎಂದು ಅಜ್ಜ ಮುಗಿಸಿದ್ದ.

"ಅಷ್ಟೇನಾ?" ಅಂದಳು ಅಜ್ಜಿ.

"ಅಷ್ಟೇ ಅಜ್ಜಿ. ಮುಗೀತು."

ಅಜ್ಜಿ ಕೈ ಚಾಚಿದಳು. ನಾನು ಪುಸ್ತಕ ಮುಚ್ಚಿ ಆ ಕೈಗೆ ಕೊಟ್ಟೆ.